ಬೆವರು ಹರಿಸಿ ಬಂದ ಮೇಲೆ ರೊಟ್ಟಿ, ಝುಣಕ, ಮಜ್ಜಿಗೆ

ಎರಡು ವರ್ಷದ ಹಿಂದಿನ ಮಾತು. ಬೆಳಗ್ಗೆ ಐದಕ್ಕೆ ಎದ್ದು ಅರ್ಧ ಕಪ್ ಚಹಾ ಕುಡಿದು ಇಲ್ಲಿ ಪುಣೆಯ ತಳಜಾಯಿ ಟೇಕಡಿಗೆ, ಅಂದರೆ ಗುಡ್ಡಕ್ಕೆ, ಹೋಗುತ್ತಿದ್ದೆ. ಒಂದು ಗಂಟೆ ಜೋರು ನಡಿಗೆ, ಅದರಲ್ಲಿ ಅರ್ಧ ಏರು. ಮನೆಗೆ ಬಂದರೆ ಮತ್ತೊಂದು ಕಪ್ ಚಹಾ, ಎರಡು ಬಿಸ್ಕೀಟು, ಸ್ನಾನ, ಎಲ್ಲರ ಡಬ್ಬಿ ಕಟ್ಟೋದು, ಬಸ್ಸಿಗೆ ಓಡೋದು. ಹೊಟ್ಟೆಗೆ ಅನ್ನ ಅಂತ ಬೀಳುತ್ತಿದ್ದುದು ಮಧ್ಯಾಹ್ನ ಒಂದೂವರೆಗೆ. ತೂಕ ಬೇಗ ಇಳಿಯಲಿ ಅಂತ ನಾನೇ ಬೇಕಂತ ಹಸಿವು ತಡೆದುಕೊಳ್ಳುತ್ತಿದ್ದೆ. ಒಂದು ದಿನ ಸ್ವಾರಗೇಟಿನಲ್ಲಿ ಬಸ್ಸಿಗೆ ನಿಂತಿದ್ದಾಗ ಕೈ ನಡುಗಿ ಕಣ್ಣಿಗೆ ಕತ್ತಲೆ ಬಂತು, ಅಲ್ಲೇ ಕಟ್ಟೆ ಮೇಲೆ ಕುಸಿದು ಕುಳಿತೆ. ಡಾಕ್ಟರು ರಕ್ತ ನೋಡಿ, ಬಿಪಿ ನೋಡಿ, ಎಲ್ಲ ಸರಿ ಇದೆ ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ರಾತ್ರಿಯಿಂದ ಏನು ತಿಂದಿದ್ದೀರಿ?

ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವನೂ ಅದನ್ನೇ ಅಂದಳು. "ಹೊಲಕ್ಕ ಹೋಗಿ ಬಂದ ಎತ್ತಿಗೆ ಮೊದಲ ಮೇವು ಹಾಕ್ತೀವಿ, ನೀ ನಿನಗ ಚಾ ಹಾಕ್ಕೋತಿ."

ಆ ಮಾತು ತಲೆಯಲ್ಲಿ ಉಳಿಯಿತು. ಅಂದಿನಿಂದ ವ್ಯಾಯಾಮ ಮಾಡಿ ಬಂದ ಮೇಲೆ ಏನು ತಿನ್ನಬೇಕು ಅನ್ನುವ ವಿಷಯ ಓದುತ್ತಾ, ಕೇಳುತ್ತಾ, ನನ್ನ ಮೇಲೇ ಮಾಡಿ ನೋಡುತ್ತಾ ಬಂದಿದ್ದೇನೆ. ಪುಣೆಯಲ್ಲಿ ನಮ್ಮ ಕಡೆಯವರು ತುಂಬಾ ಜನ ಬೆಳಗ್ಗೆ ಟೇಕಡಿ ಹತ್ತುತ್ತಾರೆ, ಜಿಮ್ಮಿಗೆ ಹೋಗುತ್ತಾರೆ, ಬಂದು ನನ್ನ ಹಾಗೇ ಚಹಾ ಬಿಸ್ಕೀಟು ತಿಂದು ಆಫೀಸಿಗೆ ಓಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೈಯೊಳಗೆ ಆಗುವುದು ಇಷ್ಟು. ನಾವು ತಿಂದ ಅನ್ನ, ರೊಟ್ಟಿಯ ಸಕ್ಕರೆ ಅಂಶ ಲಿವರಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತದೆ. ರಾತ್ರಿ ಮಲಗಿದಾಗಲೂ ಲಿವರಿನದು ಖರ್ಚಾಗುತ್ತಲೇ ಇರುತ್ತದೆ, ಬೆಳಗ್ಗೆ ಏಳುವ ಹೊತ್ತಿಗೆ ಡಬ್ಬಿ ಬಹಳಷ್ಟು ಖಾಲಿ. ಅದರ ಮೇಲೆ ಗುಡ್ಡ ಹತ್ತಿದರೆ ಕಾಲಿನ ಸ್ನಾಯುಗಳದ್ದೂ ಕರಗುತ್ತದೆ. ಜೊತೆಗೆ ಸ್ನಾಯುವಿನ ಎಳೆಗಳಲ್ಲಿ ಅಲ್ಲಲ್ಲಿ ಸಣ್ಣ ಪೆಟ್ಟು ಬೀಳುತ್ತದೆ. ಅದು ಕೆಟ್ಟದ್ದಲ್ಲ, ರಿಪೇರಿ ಆಗುವಾಗಲೇ ಸ್ನಾಯು ಗಟ್ಟಿಯಾಗುವುದು. ಆದರೆ ರಿಪೇರಿಗೆ ಸಾಮಾನು ಬೇಕಲ್ವಾ? ಆ ಸಾಮಾನು ಪ್ರೋಟೀನ್. ಖಾಲಿಯಾದ ಡಬ್ಬಿ ತುಂಬಲು ರೊಟ್ಟಿ, ಅನ್ನ, ಹಣ್ಣು. ಹರಿದ ಬೆವರಿಗೆ ನೀರು, ಉಪ್ಪು.

ನಮ್ಮ ಏರಿಯಾದ ಒಂದು ಜಿಮ್ಮಿನಲ್ಲಿ ಮೂರು ತಿಂಗಳು ದುಡ್ಡು ಕಟ್ಟಿದ್ದೆ. ಅಲ್ಲಿನ ಟ್ರೇನರ್ ದಿನಾ ಒಂದೇ ಪಾಠ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಪೌಡರ್ ಕುಡಿಯದಿದ್ದರೆ ಮಾಡಿದ್ದೆಲ್ಲ ವೇಸ್ಟ್ ಅಂತ. ಆ ಡಬ್ಬಿಯನ್ನು ಅವರೇ ಮಾರುತ್ತಿದ್ದರು. ಹೆದರಿ ನಾನೂ ಒಂದು ಕೊಂಡೆ, ಆ ತಿಂಗಳು ಮನೆ ಖರ್ಚಿನಲ್ಲಿ ಅದು ಎದ್ದು ಕಾಣಿಸಿತು. ಅರ್ಧ ಗಂಟೆಯ ಈ ಲೆಕ್ಕ ಅಷ್ಟು ಬಿಗಿ ಅಲ್ಲ. 2013ರಲ್ಲಿ ವ್ಯಾಯಾಮದ ಬಗ್ಗೆ ಸಂಶೋಧನೆ ಮಾಡುವ ಬ್ರ್ಯಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ, ಗಡಿಯಾರಕ್ಕಿಂತ ಇಡೀ ದಿನ ಎಷ್ಟು ಪ್ರೋಟೀನ್ ಹೊಟ್ಟೆಗೆ ಹೋಯಿತು ಅನ್ನುವುದೇ ಮುಖ್ಯ ಅಂತ ಕಂಡುಬಂತು. ಮೊದಲೇ ಊಟ ಮಾಡಿ ವ್ಯಾಯಾಮಕ್ಕೆ ಹೋದವರಿಗೆ ಒಂದೆರಡು ಗಂಟೆ ಆಚೀಚೆ ಆದರೂ ಏನೂ ಆಗುವುದಿಲ್ಲ. ಆದರೆ ನಮ್ಮ ಹಾಗೆ ರಾತ್ರಿ ಊಟದ ಮೇಲೆ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಹೋಗುವವರು ಬಂದ ಕೂಡಲೇ ತಿನ್ನಬೇಕು. ಮಧ್ಯಾಹ್ನದವರೆಗೆ ಕಾಯುವುದು ಬೇಡವೇ ಬೇಡ.

ಎಷ್ಟು ತಿನ್ನಬೇಕು? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್. ನನ್ನ 60 ಕಿಲೋಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ, ಓಡುವವರಿಗೆ ಇನ್ನೂ ಜಾಸ್ತಿ ಬೇಕು. ವ್ಯಾಯಾಮದ ನಂತರದ ಊಟದಲ್ಲಿ ಅದರಲ್ಲಿ 20 ಗ್ರಾಂ ಹತ್ತಿರ ಸಿಕ್ಕರೆ ಸಾಕು.

ಈಗ ನಮ್ಮ ತಾಟು ನೋಡಿ. ಎರಡು ಜೋಳದ ರೊಟ್ಟಿಗೆ ಸುಮಾರು 100 ಗ್ರಾಂ ಹಿಟ್ಟು, ಅದರಲ್ಲಿ 10 ಗ್ರಾಂ ಹತ್ತಿರ ಪ್ರೋಟೀನ್. ಝುಣಕಕ್ಕೆ 40 ಗ್ರಾಂ ಕಡಲೆ ಹಿಟ್ಟು, ಅದರಲ್ಲಿ 8-9 ಗ್ರಾಂ. ಒಂದು ಬಟ್ಟಲು ಮೊಸರಿನಲ್ಲಿ 5. ಲೆಕ್ಕ ಮುಗಿಯಿತು! ಇನ್ನೊಂದು ಮಾತು. ಜೋಳದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳದಲ್ಲಿ ಸಿಗುತ್ತದೆ. ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಹೊಲದಲ್ಲಿ ದುಡಿದು ಬಂದವರ ಬುತ್ತಿಯಲ್ಲಿ ಇವೆರಡೂ ಮೊದಲಿನಿಂದ ಜೊತೆಗೇ ಇವೆ.

ಇದು ನನಗೆ ಚೆನ್ನಾಗಿ ಮನಸ್ಸಿಗೆ ಬಂದದ್ದು ಸಿಂಹಗಡ ಕೋಟೆಯ ಮೇಲೆ. ಪುಣೆಯಿಂದ 30 ಕಿಲೋಮೀಟರ್, ಸಮುದ್ರ ಮಟ್ಟದಿಂದ 1,300 ಮೀಟರ್ ಎತ್ತರ. ಭಾನುವಾರ ಆತ್ಕರವಾಡಿ ಕಡೆಯಿಂದ ಕಾಲ್ದಾರಿಯಲ್ಲಿ ಹತ್ತಿದರೆ ಮೇಲೆ ತಲುಪುವಾಗ ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರಿರುತ್ತೇವೆ. ಮೇಲೆ ಸುತ್ತಲಿನ ಹಳ್ಳಿಯ ಹೆಂಗಸರು ಚಪ್ಪರ ಹಾಕಿ ಕಟ್ಟಿಗೆ ಒಲೆ ಮೇಲೆ ಪಿಠಲ ಭಾಕರಿ, ಅಂದರೆ ಅವರ ಝುಣಕ ರೊಟ್ಟಿ, ಮಾಡುತ್ತಾರೆ. ನಾನು ಯಾವಾಗಲೂ ಹೋಗುವ ಚಪ್ಪರದ ಅಜ್ಜಿ ನನ್ನ ಕೆಂಪಾದ ಮುಖ ನೋಡಿ ಊಟ ಕೊಡುವ ಮೊದಲೇ "ಬಸ್ ಬಾಳ, ಆಧೀ ತಾಕ್ ಪೀ" ಅಂದಳು. ಕೂತ್ಕೋ ಮಗಾ, ಮೊದಲು ಮಜ್ಜಿಗೆ ಕುಡಿ ಅಂತ. ಮಜ್ಜಿಗೆಗೆ ಉಪ್ಪು, ಜೀರಿಗೆ. ಅದು ಒಳಗೆ ಇಳಿದು ಉಸಿರು ಹದಕ್ಕೆ ಬಂದ ಮೇಲೆ ಪರಾತದಲ್ಲಿ ಹಿಟ್ಟಿನ ಉಂಡೆ ಇಟ್ಟು ಅಂಗೈಯಿಂದ ತಟ್ಟತೊಡಗಿದಳು. ರೊಟ್ಟಿ ತಿರುಗುತ್ತಾ ತಿರುಗುತ್ತಾ ಅಗಲವಾಯಿತು, ಹೆಂಚಿಗೆ ಹಾಕಿ ಮೇಲೆ ನೀರು ಸವರಿದಳು, ಮಗುಚಿದಳು, ಕೊನೆಗೆ ಕೆಂಡಕ್ಕೆ ಒರಗಿಸಿದಾಗ ಉಬ್ಬಿ ನಿಂತಿತು. ತಾಟಿನಲ್ಲಿ ಪಿಠಲ, ಮೆಣಸಿನಕಾಯಿ ಠೇಚಾ, ಜಜ್ಜಿದ ಈರುಳ್ಳಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನಮ್ಮ ಬಾದಾಮಿ ಕಡೆಯ ಝುಣಕ ಗಟ್ಟಿ, ವಡಿ ಕತ್ತರಿಸಬಹುದು, ಇವರದು ಸ್ವಲ್ಪ ತೆಳು. ನನಗೆ ನಮ್ಮದೇ ಹೆಚ್ಚು, ಆದರೆ ಬೆಟ್ಟ ಹತ್ತಿದ ಹಸಿವಿಗೆ ಈ ತೆಳು ಪಿಠಲ ಸಲೀಸಾಗಿ ಇಳಿಯುತ್ತದೆ. ಅಲ್ಲಿ ಕಾಂದಾ ಭಜಿ (ಈರುಳ್ಳಿ ಬಜ್ಜಿ) ವಾಸನೆಯೂ ಎಳೆಯುತ್ತದೆ. ತಿನ್ನಿ, ಆದರೆ ರೊಟ್ಟಿ ಮೊಸರು ಆದಮೇಲೆ ಎರಡು ತಿನ್ನಿ. ಬೆವರಿದ ಹೊಟ್ಟೆಗೆ ಮೊದಲೇ ಎಣ್ಣೆ ಹಾಕಿದರೆ ಇಳಿಯುವಾಗ ಭಾರ ಅನ್ನಿಸುತ್ತದೆ.

ನೀರಿನ ವಿಷಯಕ್ಕೆ ಮನೆಯ ತೂಕದ ಮಷಿನ್ ಸಾಕು. ಮೇ ತಿಂಗಳಲ್ಲಿ ಒಮ್ಮೆ ಹೋಗುವ ಮುಂಚೆ, ಬಂದ ಮೇಲೆ ತೂಗಿ ನೋಡಿದೆ. 800 ಗ್ರಾಂ ಕಡಿಮೆ ಆಗಿತ್ತು. ಅದು ಕೊಬ್ಬಲ್ಲ, ಪೂರ್ತಿ ನೀರು ಅಂತಲೇ ತಿಳಿಯಿರಿ. ಕಡಿಮೆಯಾದ ಪ್ರತಿ ಕಿಲೋಗೆ ಸುಮಾರು ಒಂದೂವರೆ ಲೀಟರ್ ಕುಡಿಯಬೇಕು, ಒಂದೇ ಸಲ ಅಲ್ಲ, ಎರಡು ಮೂರು ಗಂಟೆಯಲ್ಲಿ ಸ್ವಲ್ಪ ಸ್ವಲ್ಪ. ತುಂಬಾ ಬೆವರಿದ ದಿನ ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ ಮೇಲು.

ಚಹಾ ಬಿಡಿ ಅಂತ ನಾನು ಹೇಳಲಾರೆ, ನನಗೂ ಆಗುವುದಿಲ್ಲ. ಆದರೆ ಊಟದ ಜೊತೆ ಚಹಾ ಕುಡಿದರೆ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇರುವ ಹೆಣ್ಣುಮಕ್ಕಳು ಒಂದು ಗಂಟೆ ಬಿಟ್ಟು ಕುಡಿಯಿರಿ.

ಎಲ್ಲರಿಗೂ ಒಂದೇ ತಾಟು ಅಲ್ಲ. ನಮ್ಮ ಮಾವನವರಿಗೆ 72. ಸೊಸೈಟಿಯೊಳಗೇ ಅರ್ಧ ಗಂಟೆ ನಿಧಾನ ನಡೆಯುತ್ತಾರೆ, ಅದಕ್ಕೆ ಅಂತ ಬೇರೆ ತಿಂಡಿ ಏನೂ ಬೇಕಿಲ್ಲ. ಆದರೆ ವಯಸ್ಸಾದಂತೆ ಸ್ನಾಯು ಕರಗುತ್ತಾ ಹೋಗುವುದರಿಂದ ಅವರ ಅವಲಕ್ಕಿಗೆ ನಾನು ಶೇಂಗಾ ಜಾಸ್ತಿ ಹಾಕುತ್ತೇನೆ, ಮೇಲೊಂದು ಲೋಟ ಹಾಲು ಕೊಡುತ್ತೇನೆ. ಹಾಸ್ಟೆಲ್ಲಿನಲ್ಲಿರುವ ಅಕ್ಕನ ಮಗ ಭಾರ ಎತ್ತುತ್ತಾನೆ, ಅವನಿಗೆ ಮೂರು ಮೊಟ್ಟೆ ಅಂದರೆ 18 ಗ್ರಾಂ, ಜೊತೆಗೆ ಬಾಳೆಹಣ್ಣು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮ ಮುಗಿದು ಎಷ್ಟೋ ಹೊತ್ತಿನ ಮೇಲೂ ಸಕ್ಕರೆ ಇಳಿಯಬಹುದು, ಜೇಬಿನಲ್ಲಿ ಏನಾದರೂ ಸಿಹಿ ಇರಲಿ, ಡೋಸಿನ ಬಗ್ಗೆ ಡಾಕ್ಟರನ್ನು ಕೇಳಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನೇ ಕೇಳಬೇಕು.

ವಾರದ ದಿನ ಬೆಳಗ್ಗೆ ಝುಣಕ ಮಾಡುವ ಪುರುಸೊತ್ತು ಯಾರಿಗಿದೆ ಅಂತೀರಿ ಅಲ್ವಾ? ನನಗೂ ಇಲ್ಲ. ಮೊಳಕೆ ಮಡಿಕೆ ಕಾಳು ತರಕಾರಿ ಮಾರ್ಕೆಟ್ಟಿನಲ್ಲಿ ತಯಾರೇ ಸಿಗುತ್ತದೆ, ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಈರುಳ್ಳಿ, ನಿಂಬೆಹಣ್ಣು ಸೇರಿಸಿದರಾಯಿತು. ಟೇಕಡಿಯಿಂದ ನೇರ ಆಫೀಸಿಗೆ ಹೋಗುವ ದಿನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಸಣ್ಣ ಡಬ್ಬಿಯಲ್ಲಿ ಮೊಸರು. ಅದೂ ಆಗದಿದ್ದರೆ ಶೇಂಗಾ ಉಂಡಿ ಎರಡು. ಕಾಲು ಕಿಲೋ ಶೇಂಗಾ ಹುರಿದು ಸಿಪ್ಪೆ ತೆಗೆದು, 150 ಗ್ರಾಂ ಬೆಲ್ಲ ಹಾಕಿ ಕುಟ್ಟಿ. ತುಪ್ಪ ಬೇಡ, ಶೇಂಗಾದ ಎಣ್ಣೆಯಲ್ಲೇ ಉಂಡಿ ಕೂಡಿಕೊಳ್ಳುತ್ತದೆ. 16 ಉಂಡಿ ಆಗುತ್ತವೆ, ಒಂದೊಂದರಲ್ಲಿ 4 ಗ್ರಾಂ ಹತ್ತಿರ ಪ್ರೋಟೀನ್. ಮಿಕ್ಸಿಯಲ್ಲಿ ಮಾಡುವುದಾದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಹಿಟ್ಟೆಲ್ಲ ಜಿಡ್ಡಾಗಿ ಉಂಡಿ ನಿಲ್ಲುವುದಿಲ್ಲ.