ಒದ್ದೆ ಬಟ್ಟೆ ಮತ್ತು ಪೋಷಕರ ಸಂಘದ ಲೆಕ್ಕ

ಎರಡು ವರ್ಷದ ಹಿಂದೆ, ಜುಲೈನಲ್ಲಿ, ಶಿವಮೊಗ್ಗದಲ್ಲಿರುವ ಮಗಳ ಕಾಲೇಜು ಹಾಸ್ಟೆಲಿಗೆ ಹೋಗಿದ್ದೆ. ಕಾರಿಡಾರಿನ ಉದ್ದಕ್ಕೂ ಹಗ್ಗ, ಹಗ್ಗದ ತುಂಬ ಚೂಡಿದಾರ, ಟವೆಲ್ಲು, ಸಾಕ್ಸು. ತಲೆ ತಗ್ಗಿಸಿಕೊಂಡೇ ನಡೆಯಬೇಕು. ಮುಗ್ಗಲು ವಾಸನೆ ಬೇರೆ. "ನಾಲ್ಕು ದಿನ ಆಯ್ತು ಅಪ್ಪ, ಇನ್ನೂ ಒಣಗಿಲ್ಲ" ಅಂದಳು. ಅವಳು ಹಾಕಿಕೊಂಡಿದ್ದ ಟಾಪು ಕೂಡ ತೋಳಿನ ಹತ್ತಿರ ಹಸಿ ಹಸಿಯಾಗಿತ್ತು.

ನಾವು ತೀರ್ಥಹಳ್ಳಿ ಕಡೆಯವರು. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಇದೆ, ಅದರ ಮೇಲೆ ಬಿದಿರಿನ ಗಳ ಕಟ್ಟಿದ್ದೇವೆ, ಮಳೆಗಾಲ ಪೂರ್ತಿ ಬಟ್ಟೆ ಅಲ್ಲೇ ಒಣಗುತ್ತದೆ, ಸ್ವಲ್ಪ ಹೊಗೆ ವಾಸನೆ ಬರುತ್ತದೆ ಅಷ್ಟೆ. ಶಿವಮೊಗ್ಗದಲ್ಲಿ ನಮ್ಮಲ್ಲಿಯಷ್ಟು ಮಳೆ ಇಲ್ಲ, ನಿಜ. ಆದರೆ ಜುಲೈನಲ್ಲಿ ಬಿಸಿಲು ಅಂತ ಒಂದು ಮುಖ ತೋರಿಸಬೇಕಲ್ಲ!

ಅದೇ ದಿನ ಮಧ್ಯಾಹ್ನ ಪೋಷಕರ ಸಂಘದ ಸಭೆ. ತಡವಾಗಿ ಹೋದ ತಪ್ಪಿಗೆ ನನ್ನನ್ನು ಖಜಾಂಚಿ ಮಾಡಿಬಿಟ್ಟರು. ಬೇಡ ಅನ್ನುವಷ್ಟರಲ್ಲಿ ಚಪ್ಪಾಳೆ ತಟ್ಟಿ ಆಗಿತ್ತು. (ಯಾವ ಕಾಲೇಜು, ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ.)

ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಹಾರ, ಶಾಲು, ಶಾಮಿಯಾನ, ಫ್ಲೆಕ್ಸು. ಆಮೇಲೆ ಲೈಬ್ರರಿ ಪುಸ್ತಕ, ಕ್ರೀಡಾ ಸಾಮಗ್ರಿ. ಇಲ್ಲಿ ನನಗೆ ಸಿಟ್ಟು ಬಂತು. ಮಗಳ ಫೀಸಿನ ರಸೀದಿಯಲ್ಲಿ ಲೈಬ್ರರಿ ಶುಲ್ಕ ಅಂತ ಒಂದು ಸಾಲು ಇದೆ, ಕ್ರೀಡಾ ಶುಲ್ಕ ಅಂತ ಇನ್ನೊಂದು ಸಾಲು ಇದೆ. ಒಂದೇ ಬಾಬ್ತಿಗೆ ಎರಡು ಸಲ ದುಡ್ಡು ಕೊಡೋದು ಯಾವ ಲೆಕ್ಕ? ಕಾಲೇಜು ಮಾಡಲೇಬೇಕಾದ ಕೆಲಸವನ್ನು ಸಂಘ ಮಾಡಿಕೊಟ್ಟರೆ ಕಾಲೇಜು ಅದನ್ನು ಮರೆತೇಬಿಡುತ್ತದೆ. ಕುಡಿಯುವ ನೀರಿನ ಫಿಲ್ಟರಿನ ಕಥೆ ಹಾಗೇ ಆಯಿತು. ಸಂಘ ತಂದು ಕೂರಿಸಿತು, ಉದ್ಘಾಟನೆಯ ಫೋಟೋ ಬಂತು, ಆಮೇಲೆ ಕ್ಯಾಂಡಲ್ ಬದಲಿಸುವವರೇ ಇಲ್ಲ. ಸಂಘದ್ದು ಅಂತ ಕಾಲೇಜು, ಕಾಲೇಜಿನದ್ದು ಅಂತ ಸಂಘ. ಮಕ್ಕಳು ಬಾಟಲಿ ನೀರು ಕೊಂಡು ಕುಡಿದರು.

ಹಾಗಾದರೆ ಸಂಘ ಯಾತಕ್ಕೆ? ನನ್ನ ಪ್ರಕಾರ, ಕಾಲೇಜಿನ ಯಾವ ಖಾತೆಗೂ ಸೇರದ ಸಣ್ಣ ಸಣ್ಣ ವಿಷಯಗಳಿಗೆ. ಒದ್ದೆ ಬಟ್ಟೆ ಅಂಥದ್ದು. ಸಭೆಯಲ್ಲಿ ನಾನು ಅದನ್ನು ಎತ್ತಿದಾಗ ಒಬ್ಬರು ನಕ್ಕರು, "ಎಂತ ಮಾರಾಯ್ರೆ, ಬಟ್ಟೆ ಒಣಗ್ಸೋಕೂ ಸಂಘ ಬೇಕಾ?" ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯೇ ಉತ್ತರ ಕೊಟ್ಟರು, "ನಿಮ್ಮ ಬಟ್ಟೆ ಒಣಗ್ಸೋದು ಯಾರು ಅಂತ ಮೊದ್ಲು ಹೇಳಿ." ಅಲ್ಲಿಗೆ ಚರ್ಚೆ ಮುಗಿಯಿತು.

ಖಾಲಿ ಬಿದ್ದಿದ್ದ ಒಂದು ಸ್ಟೋರ್ ರೂಮು ಕೇಳಿ ತೆಗೆದುಕೊಂಡೆವು. ಎರಡು ಎಕ್ಸಾಸ್ಟ್ ಫ್ಯಾನು, ಬಟ್ಟೆ ಹರವುವ ಸ್ಟ್ಯಾಂಡುಗಳು, ನೀರು ಹಿಂಡುವ ಎರಡು ಸ್ಪಿನ್ ಡ್ರೈಯರು. ಹೀಟರ್ ಬೇಡ, ಲೈನು ಲೋಡು ತಡೆಯಲ್ಲ ಅಂದರು ವಾರ್ಡನ್, ಸರಿ ಅಂತ ಬಿಟ್ಟೆವು. ರಿಪೇರಿಗೆ ಅಂತ ಸ್ವಲ್ಪ ದುಡ್ಡು ಮೊದಲೇ ಎತ್ತಿಟ್ಟೆವು, ಫಿಲ್ಟರಿನ ಪಾಠ ಅದು. ಎಲ್ಲ ಸೇರಿ 50,000 ರೂಪಾಯಿ ಒಳಗೆ ಮುಗಿಯಿತು.

ದುಡ್ಡು ಬರೋದು ಹೇಗೆ ಅನ್ನುವುದೇ ದೊಡ್ಡ ತಲೆನೋವು. ಮೊದಲು ಅಡ್ಮಿಷನ್ ಕೌಂಟರಿನಲ್ಲೇ ಫೀಸಿನ ಜೊತೆ ಸಂಘದ ರಸೀದಿಯನ್ನೂ ಹರಿದು ಕೊಡುತ್ತಿದ್ದರು. ಇಷ್ಟ ಇದ್ದರೆ ಕೊಡಿ ಅಂತ ಬಾಯಲ್ಲಿ ಹೇಳೋದು, ಆದರೆ ಮಗನ ಸೀಟಿನ ಕಾಗದ ಅವರ ಕೈಯಲ್ಲಿರುವಾಗ ಬೇಡ ಅನ್ನುವ ಅಪ್ಪ ಯಾರು? ಸೀಟು ಕೊಡಲು ಫೀಸಿನ ಮೇಲೆ ವಸೂಲಿ ಮಾಡುವ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಲು ನಮ್ಮ ರಾಜ್ಯದಲ್ಲಿ 1984ರಲ್ಲೇ ಕಾಯ್ದೆ ಬಂದಿದೆ. ನಮ್ಮ ಐನೂರು ರೂಪಾಯಿ ಅದಲ್ಲ, ಒಪ್ಪುತ್ತೇನೆ, ಆದರೂ ನೋಡುವವರಿಗೆ ಚೆನ್ನಾಗಿ ಕಾಣಲ್ಲ. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ ಹೊರಟು, ಗಲಾಟೆಯಾಗಿ, ಕೆಲವೇ ದಿನದಲ್ಲಿ ವಾಪಸ್ ಆದದ್ದು ನೆನಪಿದೆಯಲ್ಲ? ಅದೂ ಬಲವಂತ ಇಲ್ಲ ಅಂತಲೇ ಹೇಳಿದ್ದು.

ಇನ್ನೊಂದು, ಜೂನ್ ತಿಂಗಳು ಮಲೆನಾಡಿನವರ ಕೈ ಪೂರ್ತಿ ಬರಿದಾಗಿರುವ ಹೊತ್ತು. ಫೀಸು, ಗೊಬ್ಬರ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರ ಕೂಲಿ, ಎಲ್ಲ ಒಟ್ಟಿಗೆ ಬರುತ್ತದೆ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆಯೇ ನಮಗೆ ನಾಲ್ಕು ಕಾಸು ಕಾಣೋದು. ಅದಕ್ಕೇ ವಸೂಲಿಯನ್ನು ಕೌಂಟರಿನಿಂದ ತೆಗೆದು ಫೆಬ್ರವರಿಗೆ ಹಾಕಿದೆವು. ಜೂನಿನಲ್ಲಿ ಗೊಣಗುತ್ತಾ ಐನೂರು ಕೊಟ್ಟವರೇ ಫೆಬ್ರವರಿಯಲ್ಲಿ ಸಾವಿರ ಕಳಿಸಿದರು. ಏನೂ ಕಳಿಸದವರೂ ಇದ್ದಾರೆ, ಅವರ ಪಟ್ಟಿ ನಾವು ಯಾರಿಗೂ ತೋರಿಸುವುದಿಲ್ಲ.

ತೆರಿಗೆ ವಿನಾಯಿತಿ ಸಿಗುತ್ತಾ ಅಂತ ಶಿವಮೊಗ್ಗ ಪೇಟೆಯವರು ಕೇಳುತ್ತಾರೆ. 80ಜಿ ಅಂತ ಕರೆಯುವ, ದೇಣಿಗೆಗೆ ವಿನಾಯಿತಿ ಕೊಡಿಸುವ ನೋಂದಣಿ ಇರುವ ಸಂಸ್ಥೆಗಾದರೆ ಸಿಗುತ್ತದೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಇಲ್ಲ. ತೋಟದವರು ಇದನ್ನು ಕೇಳುವುದೇ ಇಲ್ಲ, ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವಲ್ಲ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿಯಾದ ಸಂಘ. ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಕಟ್ಟಿದ ಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಲು ಮಾತ್ರ ಆ ಏಳರಲ್ಲಿ ಒಬ್ಬರೂ ಸಿಗುವುದಿಲ್ಲ!

ನನ್ನ ಷಡ್ಡಕನ ಮಗ ಟೆಕ್ಸಾಸಿನಲ್ಲಿ ಓದುತ್ತಿದ್ದಾನೆ. ಅಲ್ಲಿನ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ತಾಯಂದಿರದ್ದೇ ಸಂಘಗಳಿವೆ ಅಂತ ಅವನಿಂದ ಗೊತ್ತಾಯಿತು. ಮೊದಲನೆಯದು 1922ರಲ್ಲಿ ಡಲ್ಲಾಸಿನಲ್ಲಿ ಶುರುವಾದದ್ದು, ಈಗ ಊರೂರಲ್ಲಿ ಇವೆ. ಸದಸ್ಯತ್ವದ ಹಣ, ಏನಾದರೂ ಮಾರಿ ಬಂದ ಹಣ, ಎಲ್ಲ ಸೇರಿಸಿ ಸ್ಕಾಲರ್‌ಶಿಪ್ಪಿಗೆ, ಮಕ್ಕಳ ತಂಡಗಳಿಗೆ ಕೊಡುತ್ತಾರೆ. ಅಲ್ಲಿ ಪೋಷಕರ ನಿಧಿ ಇರುವ ಎಷ್ಟೋ ಕಡೆ ಮಕ್ಕಳೇ ಅರ್ಜಿ ಹಾಕಬೇಕು. ಏನು ಕಾರ್ಯಕ್ರಮ, ಎಷ್ಟು ಜನಕ್ಕೆ ಉಪಯೋಗ, ಬೇರೆ ಕಡೆಯಿಂದ ಎಷ್ಟು ಬರುತ್ತದೆ, ಎಲ್ಲ ಬರೆದು. ಈ ಅರ್ಜಿಯ ಪದ್ಧತಿಯನ್ನು ನಾವು ಎತ್ತಿಕೊಂಡೆವು. ಒಂದೇ ಪುಟ, ಕನ್ನಡದಲ್ಲಿ. ಮೊದಲು ಬಂದದ್ದು ಯಕ್ಷಗಾನ ತಂಡದ್ದು, ಯುವಜನೋತ್ಸವಕ್ಕೆ ವೇಷದ ಬಾಡಿಗೆ ಬೇಕು ಅಂತ. ಕಿರೀಟಕ್ಕಿಷ್ಟು, ಗೆಜ್ಜೆಗಿಷ್ಟು, ಮದ್ದಳೆ ಹೊತ್ತ ಹುಡುಗನ ಬಸ್ ಚಾರ್ಜು ಇಷ್ಟು ಅಂತ ಎಷ್ಟು ಚೆಂದ ಬರೆದಿದ್ದರು ಅಂದರೆ, ನಮ್ಮ ಹಳೇ ಲೆಕ್ಕದ ಪುಸ್ತಕಕ್ಕೇ ನಾಚಿಕೆ ಆಗಬೇಕು.

ಅರ್ಜಿ, ಸಭೆ ಅಂತ ಕಾಯಲು ಆಗದ ವಿಷಯಗಳೂ ಇರುತ್ತವೆ. ಒಬ್ಬ ಹುಡುಗನ ಅಪ್ಪ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು, ಕೊಯ್ಲಿನ ಹೊತ್ತಲ್ಲೇ ಮರದಿಂದ ಬಿದ್ದು ಮಂಗಳೂರಿನ ಆಸ್ಪತ್ರೆ ಸೇರಿದರು. ಮಾರನೇ ದಿನ ಪರೀಕ್ಷಾ ಶುಲ್ಕ ಕಟ್ಟಲು ಕೊನೇ ದಿನ. ಹುಡುಗ ಯಾರಿಗೂ ಹೇಳಿರಲಿಲ್ಲ, ಅವನ ರೂಮ್‌ಮೇಟ್ ಲೆಕ್ಚರರಿಗೆ ಹೇಳಿ, ಅವರು ರಾತ್ರಿ ಒಂಬತ್ತಕ್ಕೆ ನನಗೆ ಫೋನು ಮಾಡಿದರು. ಅಧ್ಯಕ್ಷರು, ಕಾರ್ಯದರ್ಶಿ, ನಾನು ಮೂರು ಜನ ವಾಟ್ಸಾಪಿನಲ್ಲಿ ಹೂಂ ಅಂದೆವು, ಬೆಳಿಗ್ಗೆ ಹತ್ತಕ್ಕೆ ಶುಲ್ಕ ಕಟ್ಟಿ ಆಯಿತು. ವಾರ್ಷಿಕ ಸಭೆಯಲ್ಲಿ "ತುರ್ತು ನೆರವು" ಅಂತ ಮಾತ್ರ ಓದಿದೆ. ಹೆಸರು ಹೇಳಿ ಅಂತ ಒಬ್ಬರು ಹಟ ಹಿಡಿದರು. ಬಿಲ್ಲು ತೋರಿಸಿದೆ, ಹೆಸರು ಹೇಳಲಿಲ್ಲ. ಇನ್ನೂ ಅವರಿಗೆ ನನ್ನ ಮೇಲೆ ಅನುಮಾನ ಇದೆ, ಇರಲಿ.

ಈ ವರ್ಷ ವಾರ್ಷಿಕೋತ್ಸವದ ಸ್ಟೇಜಿಗೆ ಸಂಘದಿಂದ ಕೊಡಿ ಅಂತ ಮತ್ತೆ ಪತ್ರ ಬಂದಿದೆ. ಮುಂದಿನ ಸಭೆಯಲ್ಲಿ ನಾನು ಬೇಡ ಅನ್ನುವವನೇ. ಸೋತರೂ ಸೋಲಬಹುದು, ಫೋಟೋದಲ್ಲಿ ಸ್ಟೇಜು ಚೆನ್ನಾಗಿ ಬರುತ್ತದೆ, ಡ್ರೈಯರ್ ಬರಲ್ಲ.

ಹೋದ ವಾರ ಮಗಳು ಆ ರೂಮಿನ ಒಂದು ಫೋಟೋ ಕಳಿಸಿದ್ದಳು. ಒಂದು ಡ್ರೈಯರಿನ ಮೇಲೆ "ಕೆಟ್ಟಿದೆ, ಸೋಮವಾರ ಬರ್ತಾರಂತೆ" ಅಂತ ಚೀಟಿ. ಪಕ್ಕದ ಸ್ಟ್ಯಾಂಡಿನಲ್ಲಿ ಬಟ್ಟೆಯೇ ಇಲ್ಲ. ಮಳೆಯಲ್ಲಿ ನೆನೆದ ಯಾರದೋ ಲ್ಯಾಬ್ ರೆಕಾರ್ಡನ್ನು ಬಿಚ್ಚಿ, ಹಾಳೆ ಹಾಳೆಯಾಗಿ ಕ್ಲಿಪ್ಪು ಹಾಕಿ ನೇತುಹಾಕಿದ್ದಾರೆ.