ಬಂಡೆ ಮೊದಲು, ನೊರೆ ಕೊನೆಗೆ

ಬಂಡೆಗಳಿರುವ ಕಡಲನ್ನು ಎಣ್ಣೆ ಬಣ್ಣದಲ್ಲಿ ಬಿಡಿಸಲು ಹೊರಟವರ ಕೈ ಬೇಗ ಹೋಗುವುದು ಬಿಳಿ ಟ್ಯೂಬಿಗೆ. ಬಡಿದು ಚಿಮ್ಮುವ ನೊರೆಯೇ ತಾನೇ ಎಲ್ಲರನ್ನೂ ಸೆಳೆಯುವುದು! ನಾನು ಮಾತ್ರ ಅಪ್ಪಟ ಬಿಳಿಯನ್ನು ಕೊನೆಯವರೆಗೂ ಕ್ಯಾನ್ವಾಸಿಗೆ ತಾಗಿಸುವುದಿಲ್ಲ. ಪಕ್ಕದ ಬಂಡೆ ಗಾಢವಾಗಿದ್ದರೆ ಮಾತ್ರ ನೊರೆ ಹೊಳೆಯುತ್ತದೆ. ಹಾಗಾಗಿ ನನಗೆ ಕಡಲಿನ ಚಿತ್ರ ಶುರುವಾಗುವುದು ಬಂಡೆಯಿಂದ.

ಕಪ್ಪು ಬಣ್ಣ ಕೊಳ್ಳಬೇಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಕಲಸಿ ನೋಡಿ, ಎಂಥ ಸೊಗಸಾದ ಕಪ್ಪು ಸಿಗುತ್ತದೆ! ನೀಲಿ ಜಾಸ್ತಿಯಾದರೆ ತಣ್ಣನೆಯ ನೆರಳು, ಅಂಬರ್ ಜಾಸ್ತಿಯಾದರೆ ಬೆಚ್ಚನೆಯ ಕಂದು. ಒಂದೇ ಬಂಡೆಯಲ್ಲಿ ಎರಡೂ ಬೇಕು. ಅಲೆ ತಾಗುವ ಬುಡ ಒದ್ದೆಯಾಗಿರುವುದರಿಂದ ಗಾಢ, ಒಣಗಿದ ನೆತ್ತಿ ತಿಳಿ. ದೂರದ ಬಂಡೆಗಳಿಗೆ ಸ್ವಲ್ಪ ನೀಲಿ, ಸ್ವಲ್ಪ ಬಿಳಿ ಬೆರೆಸಿ ಮಂಕು ಮಾಡಿ. ತಾವಾಗಿಯೇ ಹಿಂದಕ್ಕೆ ಸರಿಯುತ್ತವೆ. ಬಿರುಕುಗಳನ್ನು ಒಂದೊಂದಾಗಿ ಬರೆಯುವುದಕ್ಕಿಂತ, ಪ್ಯಾಲೆಟ್ ನೈಫಿನಲ್ಲಿ (ಬಣ್ಣ ಕಲಸುವ ಚಪ್ಪಟೆ ಚಾಕು) ತಿಳಿ ಬಣ್ಣ ತೆಗೆದುಕೊಂಡು ಬಂಡೆಯ ಇಳಿಜಾರಿನ ದಿಕ್ಕಿನಲ್ಲೇ ಎಳೆಯುವುದು ನನಗೆ ಇಷ್ಟ. ಬಣ್ಣ ಅಲ್ಲಲ್ಲಿ ತುಂಡು ತುಂಡಾಗಿ, ಕಲ್ಲಿನ ಒರಟು ಸುಮ್ನೆ ಬಂದುಬಿಡುತ್ತದೆ.

ಮೊದಲ ಪದರಕ್ಕೆ ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ. ಲಿನ್ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ, ಮೇಲಿನ ಪದರಗಳಿಗಿರಲಿ. ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಎಣ್ಣೆ ಜಾಸ್ತಿ ಇರುವ ಪದರ ಕೆಳಗಿದ್ದರೆ ಮೇಲಿನದು ಮೊದಲೇ ಒಣಗಿ ಮುಂದೆ ಬಿರುಕು ಬಿಡಬಹುದು. ಇನ್ನೊಂದು ಮಾತು: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಳಗೇ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಇನ್ನು ನೀರು. ಏಳುತ್ತಿರುವ ಅಲೆಯ ಮೇಲ್ಭಾಗ ತೆಳು. ಬೆಳಕು ಹಿಂದಿನಿಂದ ಅದನ್ನು ದಾಟಿ ಬಂದಾಗ ಅಲ್ಲಿ ಹಸಿರು ಮಿಂಚುತ್ತದೆ. ವಿರಿಡಿಯನ್ ಎಂಬ ನೀಲಿ ಛಾಯೆಯ ಹಸಿರಿಗೆ ಚೂರು ಹಳದಿ, ಚೂರು ಬಿಳಿ ಸಾಕು. ಅಲೆಯ ಬುಡಕ್ಕೆ ಬರುತ್ತ ಬಣ್ಣ ಗಾಢವಾಗಲಿ. ಬಡಿದ ನೀರು ಬಂಡೆಯ ಸಂದುಗಳಲ್ಲಿ ಸಣ್ಣ ಧಾರೆಗಳಾಗಿ ಇಳಿದು ಹೋಗುವುದನ್ನು ಹೊಸಬರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಚಿತ್ರಕ್ಕೆ ಜೀವ ಬರುವುದೇ ಅಲ್ಲಿ. ದಿಗಂತದ ಗೆರೆ ಮಾತ್ರ ನೇರವಾಗಿರಲಿ. ಅದು ವಾಲಿದರೆ ಇಡೀ ಕಡಲು ಚೆಲ್ಲುವಂತೆ ಕಾಣುತ್ತದೆ.

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ 1886ರಲ್ಲಿ ಫ್ರಾನ್ಸಿನ ಬೆಲ್-ಈಲ್ ದ್ವೀಪಕ್ಕೆ ಹೋಗಿ, ಅಲ್ಲಿನ ಬಂಡೆಗಳನ್ನು ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಬರೆದರು. ಆ ಚಿತ್ರಗಳಲ್ಲಿ ನೊರೆಯನ್ನೇ ಹುಡುಕಿ ನೋಡಿ. ಅದರಲ್ಲಿ ನೀಲಿ, ಹಸಿರು, ನೇರಳೆ ಎಲ್ಲ ಇವೆ.

ನೊರೆಯ ಬಹುಪಾಲು ನೆರಳಿನಲ್ಲೇ ಇರುತ್ತದೆ. ಮೊದಲು ಅದನ್ನು ನೀಲಿ ಬೂದು ಬಣ್ಣದಲ್ಲಿ ಹಚ್ಚಿ, ಅಂಚುಗಳನ್ನು ಒಣ ಬ್ರಷ್‌ನಿಂದ ಮೆಲ್ಲಗೆ ಸವರಿ ಮಸುಕಾಗಿಸಿ. ಕೊನೆಗೆ ಬಿಸಿಲು ನೇರವಾಗಿ ಬೀಳುವ ಜಾಗಕ್ಕೆ ಮಾತ್ರ ದಪ್ಪಗೆ ಟೈಟಾನಿಯಂ ಬಿಳಿ ಇಡಿ, ಅದಕ್ಕೂ ಚೂರು ಹಳದಿ ತಾಗಿಸಿ. ಒಮ್ಮೆ ಇಟ್ಟ ಮೇಲೆ ಮತ್ತೆ ತಿದ್ದಲು ಹೋಗಬೇಡಿ. ಕೆಳಗಿನ ಬೂದು ಬೆರೆತರೆ ಆ ಹೊಳಪು ಹೋಗಿಬಿಡುತ್ತದೆ.