20 ಪರ್ಸೆಂಟ್ ಯಾರ ಜೇಬಿನಿಂದ?

ನಾನು ಕಲಬುರಗಿಯ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಗಾರ, ಪಿಎಫ್, ಸಿಬ್ಬಂದಿಯ ಗುಂಪು ಆರೋಗ್ಯ ವಿಮೆ ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಈ ಸಲ ವಿಮೆ ರಿನಿವಲ್‌ಗೆ ಕಂಪನಿ ಕೇಳಿದ ಪ್ರೀಮಿಯಂ ಹೋದ ವರ್ಷಕ್ಕಿಂತ ಕಾಲು ಭಾಗ ಜಾಸ್ತಿ. ಆಡಳಿತ ಮಂಡಳಿ ಎರಡು ದಾರಿ ಹೇಳಿತು. ಸಿಬ್ಬಂದಿಯ ತಂದೆ ತಾಯಿಯನ್ನು ಪಾಲಿಸಿಯಿಂದ ಕೈಬಿಡುವುದು, ಇಲ್ಲವೇ ಪ್ರತಿ ಆಸ್ಪತ್ರೆ ಬಿಲ್ಲಿನಲ್ಲಿ 20 ಪರ್ಸೆಂಟ್ ಸಿಬ್ಬಂದಿಯೇ ಕಟ್ಟುವುದು. ಕೋ-ಪೇ ಅನ್ನುತ್ತಾರಲ್ಲ, ಅದು. ನಾನು ಎರಡನ್ನೂ ಒಪ್ಪಲಿಲ್ಲ. ಖರ್ಚು ಇಳಿಯಬೇಕು ನಿಜ. ಆದರೆ ಇವೆರಡರಿಂದ ಆಸ್ಪತ್ರೆ ಖರ್ಚು ಒಂದು ರೂಪಾಯಿಯೂ ಇಳಿಯುವುದಿಲ್ಲ. ಶಾಲೆಯ ಲೆಕ್ಕದಲ್ಲಿದ್ದದ್ದು ಶಿಕ್ಷಕರ ಮನೆ ಲೆಕ್ಕಕ್ಕೆ ಹೋಗುತ್ತದೆ, ಅಷ್ಟೇ.

ಈ ಹೊರೆ ಯಾರ ಮೇಲೆ ಬೀಳುತ್ತದೆ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮೆ ಇದೆ. 2019ರ ಜುಲೈಯಿಂದ ನೌಕರರ ಪಾಲು 0.75 ಪರ್ಸೆಂಟ್, ಶಾಲೆಯ ಪಾಲು 3.25 ಪರ್ಸೆಂಟ್. 15,000 ಸಂಬಳಕ್ಕೆ ಎರಡೂ ಸೇರಿ ಸುಮಾರು 600 ರೂಪಾಯಿ. ಅಷ್ಟಕ್ಕೆ ಇಡೀ ಕುಟುಂಬಕ್ಕೆ ಚಿಕಿತ್ಸೆ, ಅವಲಂಬಿತ ತಂದೆ ತಾಯಿಯೂ ಸೇರಿ. ಆದರೆ ಈ 21,000ದ ಗೆರೆ 2017ರಿಂದ ಅಲ್ಲೇ ನಿಂತಿದೆ. ಸಂಬಳ ಸ್ವಲ್ಪ ಏರಿತೋ, ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ವಂತಿಗೆ ನಿಲ್ಲುತ್ತದೆ, ಆಮೇಲೆ ಕೆಲವು ತಿಂಗಳಲ್ಲಿ ಇಎಸ್‌ಐ ಚಿಕಿತ್ಸೆಯೂ ನಿಲ್ಲುತ್ತದೆ. ನಮ್ಮ ಗಣಿತದ ಮೇಡಂ ಒಬ್ಬರು, "ಸರ್, ಪಗಾರ ಒಂದೂವರೆ ಸಾವಿರ ಜಾಸ್ತಿ ಆಯ್ತು, ಕಾರ್ಡ್ ಹೋಯ್ತು ನೋಡ್ರಿ" ಅಂದರು. ಈಗ ಅವರಿಗೆ ಇರುವುದು ಈ ಗುಂಪು ವಿಮೆ ಒಂದೇ. 80,000 ರೂಪಾಯಿ ಬಿಲ್ ಆದರೆ 20 ಪರ್ಸೆಂಟ್ ಅಂದರೆ 16,000. ಅವರ ಸಂಬಳ 23,000ದ ಆಸುಪಾಸು. ಪ್ರಿನ್ಸಿಪಾಲರಿಗೂ ಅದೇ 16,000. ಇದು ಸರಿ ಅಲ್ಲ ಅಲ್ವಾ?

ಸರ್ಕಾರಿ ನೌಕರರಿಗೆ 2025ರ ಅಕ್ಟೋಬರ್‌ನಿಂದ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಅನ್ನುವ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಹೀಗೆ ಮಾಡಿಲ್ಲ. ಅಲ್ಲಿ ವಂತಿಗೆ ಹುದ್ದೆ ನೋಡಿಕೊಂಡು. ಎ ಗುಂಪಿನವರಿಗೆ ತಿಂಗಳಿಗೆ 1,000, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250. ಹಣ ಕೂಡಿಸಲೇಬೇಕು ಅಂದರೆ ನಾವೂ ಹೀಗೆ ಕೂಡಿಸಬಹುದು. ಕಾಯಿಲೆ ಬಿದ್ದವರ ಹತ್ತಿರ ಮಾತ್ರ ವಸೂಲಿ ಮಾಡುವುದು ಬೇಡ.

ಇನ್ನು ತಂದೆ ತಾಯಿಯ ವಿಷಯ. "ಈಗ ಮನೆಯವರ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಬೇರೆ ಮಾಡಿಸಿಕೊಳ್ಳಲಿ" ಎಂದು ಮೀಟಿಂಗಿನಲ್ಲಿ ಒಬ್ಬರು ಹೇಳಿದರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದಾರೆ, ನಿಜ. ಗುಂಪು ವಿಮೆಗೆ 18 ಪರ್ಸೆಂಟ್ ಹಾಗೇ ಇದೆ, ಅದೂ ನಿಜ. ಆದರೆ 65 ದಾಟಿದ, ಸಕ್ಕರೆ ಕಾಯಿಲೆ ಇರುವ ತಾಯಿಗೆ ಹೊಸ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಯ ಖರ್ಚು ಕೊಡಲು ಕಂಪನಿ ಮೂರು ವರ್ಷದವರೆಗೂ ಕಾಯಿಸಬಹುದು. ನಮ್ಮ ಗುಂಪು ಪಾಲಿಸಿಯಲ್ಲಿ ಆ ಕಾಯುವಿಕೆ ಇಲ್ಲ. ಜಿಎಸ್‌ಟಿ ಉಳಿಸಲು ಹೋಗಿ ಆ ತಾಯಿಯ ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೂ ರಕ್ಷಣೆಯೇ ಇಲ್ಲದಂತೆ ಮಾಡುವುದೇ?

ಹಾಗಾದರೆ ಎಲ್ಲಿ ಇಳಿಸಬೇಕು? ನಾನು ಟಿಪಿಎಯಿಂದ, ಅಂದರೆ ವಿಮೆ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಯಿಂದ, ಕ್ಲೇಮ್ ಪಟ್ಟಿ ತರಿಸಿಕೊಂಡು ಕೂತೆ. ಕಟ್ಟಿದ ಪ್ರೀಮಿಯಂನಲ್ಲಿ ಎಷ್ಟು ಕ್ಲೇಮಿಗೆ ಹೋಯಿತು ಅನ್ನುವುದರ ಮೇಲೇ ಮುಂದಿನ ವರ್ಷದ ರೇಟು ನಿಲ್ಲುತ್ತದೆ. ಪಟ್ಟಿ ಓದಿದಾಗ ಕಣ್ಣಿಗೆ ಬಿದ್ದದ್ದು ಇದು: ಇಎಸ್‌ಐ ಇರುವ ನಮ್ಮ ಆಯಾಗಳು, ಬಸ್ ಡ್ರೈವರ್‌ಗಳು ಕೂಡ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿ ಗುಂಪು ವಿಮೆಯಲ್ಲೇ ಕ್ಲೇಮ್ ಮಾಡಿದ್ದರು. ಕೇಳಿದರೆ, ಬಹಳ ಜನರ ಕಾರ್ಡಿನಲ್ಲಿ ಮನೆಯವರ ಹೆಸರೇ ಸೇರಿಲ್ಲ. ಸೇಡಂ ರಸ್ತೆಯಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಇರುವ ಊರು ನಮ್ಮದು. ಈಗ ಒಬ್ಬೊಬ್ಬರನ್ನೇ ಕರೆದು, ಆಧಾರ್ ತರಿಸಿ, ಹೆಸರು ಸೇರಿಸುತ್ತಿದ್ದೇನೆ. ಅವರನ್ನು ಗುಂಪು ವಿಮೆಯಿಂದ ತೆಗೆಯುತ್ತಿಲ್ಲ. ಮೊದಲು ಇಎಸ್‌ಐ ಬಳಸಲಿ ಅಂತ.

ಎರಡನೆಯದು ರೂಮಿನ ಬಾಡಿಗೆ. ವಿಮೆ ಮೊತ್ತ 2 ಲಕ್ಷ, ಬಾಡಿಗೆ ಮಿತಿ ಅದರ 1 ಪರ್ಸೆಂಟ್, ಅಂದರೆ ದಿನಕ್ಕೆ 2,000. 4,000ದ ರೂಮ್ ಹಿಡಿದರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅರ್ಧ ಕಡಿಯುತ್ತಾರೆ. ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ, ಐಸಿಯು ಖರ್ಚಿಗೆ ಈ ಕಡಿತ ಹಾಕುವ ಹಾಗಿಲ್ಲ. ಎಷ್ಟೋ ಜನಕ್ಕೆ ಇದು ಡಿಸ್ಚಾರ್ಜ್ ದಿನವೇ ಗೊತ್ತಾಗುವುದು. ಅಡ್ಮಿಟ್ ಆಗುವ ಮೊದಲು ನನಗೊಂದು ಫೋನ್ ಮಾಡಿ ಅಂತ ಸ್ಟಾಫ್ ರೂಮಿನಲ್ಲಿ ಬರೆದು ಅಂಟಿಸಿದ್ದೇನೆ.

ಹೃದಯದ ತೊಂದರೆ ಅಂದರೆ ನಮ್ಮ ಜನ ಮೊದಲು ಸೊಲ್ಲಾಪುರ, ಹೈದರಾಬಾದ್ ಗಾಡಿ ಹತ್ತುತ್ತಿದ್ದರು. ಈಗ ಜಯದೇವ ಹೃದ್ರೋಗ ಆಸ್ಪತ್ರೆ ಊರಲ್ಲೇ ಇದೆ. 2024ರ ಡಿಸೆಂಬರ್‌ನಲ್ಲಿ ಹೊಸ ಕಟ್ಟಡವೂ ಉದ್ಘಾಟನೆ ಆಯಿತು. ಎಲ್ಲೇ ಮಾಡಿಸಿ, ಸ್ಟೆಂಟ್ ಬೆಲೆ ಬಿಲ್ಲಿನಲ್ಲಿ ಬೇರೆ ಬರೆಸಿಕೊಳ್ಳಿ. 2017ರ ಫೆಬ್ರವರಿಯಿಂದ ಅದಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಗರಿಷ್ಠ ಬೆಲೆ ಇದೆ.

ಒಂದು ಮಾತು ಹೇಳಲೇಬೇಕು. ಪಟ್ಟಿಯಲ್ಲಿ ಮೂತ್ರದ ಸೋಂಕು, ಕಿಡ್ನಿ ಕಲ್ಲು ಮತ್ತೆ ಮತ್ತೆ ಬರುತ್ತವೆ, ಹೆಚ್ಚಾಗಿ ಮೇಡಂಗಳ ಹೆಸರಿನಲ್ಲಿ. ನಮ್ಮ ಬಿಸಿಲು ಗೊತ್ತೇ ಇದೆ. ಅವರು ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಹೋಗುವುದಕ್ಕೆ ಚೊಕ್ಕ ಟಾಯ್ಲೆಟ್ ಇಲ್ಲ, ಪೀರಿಯಡ್ ನಡುವೆ ಬಿಡುವೂ ಇಲ್ಲ. ನನಗೆ ಹೇಳಲು ಅವರಿಗೆ ಸಂಕೋಚ. ಹಿರಿಯ ಮೇಡಂ ಒಬ್ಬರ ಮೂಲಕ ತಿಳಿಯಿತು. ಎರಡು ಟಾಯ್ಲೆಟ್ ಕಟ್ಟಿಸುವ ಖರ್ಚು, ಏರಿದ ಪ್ರೀಮಿಯಂಗಿಂತ ಕಡಿಮೆ. ಎಸ್ಟಿಮೇಟ್ ಹಾಕಿಸಿ ಮಂಡಳಿಗೆ ಕೊಟ್ಟಿದ್ದೇನೆ.

ಕೋ-ಪೇ ಸದ್ಯಕ್ಕೆ ಕೈಬಿಟ್ಟಿದ್ದಾರೆ. ತಂದೆ ತಾಯಿಯ ವಿಷಯ ಮುಂದಿನ ಮೀಟಿಂಗಿಗೆ ಉಳಿದಿದೆ. ಹುದ್ದೆವಾರು ವಂತಿಗೆಯ ಲೆಕ್ಕ ಬರೆದು ಇಟ್ಟುಕೊಂಡಿದ್ದೇನೆ. ಬೇರೆ ಶಾಲೆಗಳಲ್ಲಿ ನನ್ನಂತೆ ಲೆಕ್ಕ ನೋಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ರಿನಿವಲ್‌ಗೆ ಎರಡು ತಿಂಗಳು ಇರುವಾಗಲೇ ಕ್ಲೇಮ್ ಪಟ್ಟಿ ತರಿಸಿಕೊಳ್ಳಿ. ಕೊನೆಯ ವಾರದಲ್ಲಿ ಬೇರೆ ಕಂಪನಿಯ ರೇಟು ಕೇಳಲು ಟೈಮೇ ಇರುವುದಿಲ್ಲ.